ಪಕ್ಕದಲ್ಲಿ ನಿಲ್ಲಿಸಿಕೊಳ್ಳೋಕೆ ಒಬ್ಬರು ಬೇಕಾ?

ಈ ಸಲದ ಪತ್ರಗಳನ್ನು ವಿಂಗಡಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಪ್ರೀತಿ, ಮದುವೆ ಅಂತ ಶುರುವಾಗುವ ಪತ್ರಗಳಲ್ಲಿ ಎರಡನೇ ಪ್ಯಾರಾ ಬರುವಷ್ಟರಲ್ಲಿ ಮೂರನೆಯವರು ಬಂದು ಕೂತಿರುತ್ತಾರೆ. ಆಫೀಸಿನ ಟೀಮು, ಚಿಕ್ಕಮ್ಮನ ಮಕ್ಕಳು, ಹಾಸ್ಟೆಲ್ ಗೆಳತಿಯರು, ಊರಿನ ಜನ. ಅವರ ಮುಂದೆ ನಾವು ಹೇಗೆ ಕಾಣ್ತೀವಿ ಅನ್ನೋದೇ ಕೊರಗು. ಅಂಥ ಪತ್ರಗಳನ್ನೇ ಒಟ್ಟಿಗೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಪತ್ರಗಳನ್ನು ಮೊಟಕು ಮಾಡಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮೂರು ವರ್ಷದಿಂದ ಒಬ್ಬನನ್ನು ಪ್ರೀತಿಸ್ತಿದ್ದೀನಿ. ಒಳ್ಳೆಯವನೇ, ಕುಡಿಯಲ್ಲ, ಕೂಗಾಡಲ್ಲ. ಆದರೆ ಅವನ ಟೀಮಿನವರ ಜೊತೆ ಹೊರಗೆ ಹೋಗುವುದಿದ್ದರೆ ನಾನು ಯಾವ ಥರ ಡ್ರೆಸ್ ಹಾಕಬೇಕು ಅಂತ ಹಿಂದಿನ ದಿನವೇ ವಾಟ್ಸಾಪ್‌ಗೆ ಫೋಟೋ ಕಳಿಸ್ತಾನೆ. ನಮ್ಮಪ್ಪ ತುಮಕೂರಿನಲ್ಲಿ ಟೈಲರ್. ಹಾಗೆ ಹೇಳಬೇಡ, ‘ಗಾರ್ಮೆಂಟ್ ಬಿಸಿನೆಸ್’ ಅನ್ನು ಅಂತ ಹೇಳಿಕೊಟ್ಟಿದ್ದಾನೆ. ಹೋದ ವರ್ಷ ಥೈರಾಯ್ಡ್ ಬಂದು ದಪ್ಪ ಆದೆ. ಆಗಿನಿಂದ ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮಿಬ್ಬರ ಫೋಟೋ ಹಾಕುವುದನ್ನೇ ಬಿಟ್ಟಿದ್ದಾನೆ. ಕೇಳಿದರೆ ‘ಪ್ರೈವಸಿ’ ಅಂತಾನೆ. ನಾನೇ ಅತಿ ಯೋಚನೆ ಮಾಡ್ತಿದ್ದೀನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅತಿ ಏನೂ ಇಲ್ಲ. ಡ್ರೆಸ್ಸಿನ ವಿಷಯ ಹಾಗಿರಲಿ, ಆ ‘ಗಾರ್ಮೆಂಟ್ ಬಿಸಿನೆಸ್’ ಓದಿ ಮೊದಲು ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಟೈಲರ್ ಮಗಳು ಅನ್ನೋದರಲ್ಲಿ ಮುಚ್ಚಿಡೋದು ಏನಿದೆ? ಹಬ್ಬದ ಸೀಸನ್ನಿನಲ್ಲಿ ಮಧ್ಯರಾತ್ರಿ ತನಕ ಮೆಷಿನ್ ತುಳಿದು, ಯಾರ್‍ಯಾರದೋ ಬ್ಲೌಸಿಗೆ ಹುಕ್ಸ್ ಹಾಕಿ ನಿಮ್ಮ ಕಾಲೇಜು ಫೀಸು ಕಟ್ಟಿರುತ್ತಾರೆ. ಇವನಿಗೆ ಆ ಫೀಸಿನಿಂದ ತಯಾರಾದ ಹುಡುಗಿ ಬೇಕು, ಮೆಷಿನ್ ಮಾತ್ರ ಬೇಡ.

ಹುಡುಗ ಕೆಟ್ಟವನು ಅಂತ ನಾನು ಹೇಳಲ್ಲ. ಅವನಿಗೂ ಒಂದು ಭಯ ಇರಬಹುದು. ಅಂಥ ಆಫೀಸುಗಳಲ್ಲಿ ಈ ಲೆಕ್ಕ ಸದ್ದಿಲ್ಲದೆ ನಡೀತಾ ಇರುತ್ತೆ. ಯಾವ ಕಾಲೇಜು, ಯಾವ ಏರಿಯಾದಲ್ಲಿ ಮನೆ, ವೀಕೆಂಡಿಗೆ ಎಲ್ಲಿ ಹೋಗಿದ್ದೆ, ಜೊತೆಗೆ ಯಾರಿದ್ದರು ಅಂತ. ಫೋನು, ಬೈಕು, ಕಾರು ಆದ ಮೇಲೆ ಆ ಪಟ್ಟಿಯಲ್ಲಿ ಮುಂದಿನ ಸಾಲಿನಲ್ಲಿ ನೀವು ಬಂದಿದ್ದೀರಿ.

ನನ್ನವಳು ಚೆನ್ನಾಗಿದ್ದಾಳೆ ಅಂತ ಖುಷಿಪಡೋದು, ನಾಲ್ಕು ಜನಕ್ಕೆ ಪರಿಚಯ ಮಾಡಿಸೋದು ಎಲ್ಲಾ ಸರಿ. ಆ ಆಸೆ ಯಾರಿಗಿರಲ್ಲ ಹೇಳಿ. ಆದರೆ ಆ ಹೆಮ್ಮೆಯ ಖರ್ಚು ಯಾರ ತಲೆ ಮೇಲೆ ಬೀಳ್ತಿದೆ ನೋಡಿ. ಅವನಿಗೆ ಮೆಚ್ಚುಗೆ ಸಿಗಬೇಕು ಅಂದರೆ ನೀವು ಬಟ್ಟೆ ಬದಲಿಸಬೇಕು, ಅಪ್ಪನ ಕಸುಬು ಬದಲಿಸಬೇಕು, ತೂಕ ಇಳಿಸಬೇಕು. ಅವನು ಏನು ಬದಲಿಸಿದ? ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಥೈರಾಯ್ಡ್ ಕಡಿಮೆ ಆದಾಗ ತೂಕ ಏರೋದು, ಸುಸ್ತಾಗೋದು, ಕೂದಲು ಉದುರೋದು ಎಲ್ಲಾ ಇದ್ದದ್ದೇ. ಮಾತ್ರೆ ಶುರು ಮಾಡಿದರೂ ಮೈ ಒಂದು ಹದಕ್ಕೆ ಬರಲು ಸಮಯ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಅರ್ಧ ಗಂಟೆ ಕಾಫಿ ಮುಟ್ಟದೆ ಕೂರ್ತೀರಲ್ಲ, ಅದು ಅವನಿಗೆ ಗೊತ್ತಾ? ಮುಂದಿನ ರಕ್ತ ಪರೀಕ್ಷೆ ಯಾವಾಗ ಅಂತ ಒಂದು ಸಲವಾದರೂ ಕೇಳಿದ್ದಾನಾ? ಫೋಟೋ ಯಾಕೆ ಹಾಕಲ್ಲ ಅಂತ ಜಗಳ ತೆಗೆಯೋದನ್ನು ಬಿಟ್ಟುಬಿಡಿ. ನಾಳೆ ಹಾಕಿದನೇ ಅಂತಿಟ್ಟುಕೊಳ್ಳಿ, ನಿಮಗೆ ಸಮಾಧಾನ ಆಗುತ್ತಾ? ಆಗಲ್ಲ. ಕೇಳುವುದಿದ್ದರೆ ಈ ರಕ್ತ ಪರೀಕ್ಷೆಯ ವಿಷಯ ಕೇಳಿ.

ಇನ್ನು ಅಪ್ಪನ ಮಾತು. ಅವನ ಗೆಳೆಯರು ಮತ್ತೆ ಯಾವಾಗಲಾದರೂ ಕೇಳಿದರೆ, ಅವನ ಎದುರಿಗೇ, ‘ನಮ್ಮಪ್ಪ ಟೈಲರ್, ತುಮಕೂರಲ್ಲಿ ಅಂಗಡಿ ಇದೆ’ ಅಂತ ಆರಾಮಾಗಿ ಹೇಳಿ. ಕೇಳಿದವರು ಬಹುಶಃ ‘ಓ, ಹೌದಾ’ ಅಂದು ಸ್ಟಾರ್ಟರ್ಸ್ ಕಡೆ ತಿರುಗ್ತಾರೆ, ಅವರಿಗೇನು ಬೇಕಾಗಿದೆ. ಇವನು ವಾಪಸ್ ಬರುವಾಗ ಏನಂತಾನೆ ಅನ್ನೋದು ಮುಖ್ಯ. ಮುಜುಗರ ಪಟ್ಟು, ಆಮೇಲೆ ತನ್ನದೇ ತಪ್ಪು ಅಂತ ಒಪ್ಪಿಕೊಂಡರೆ ಆ ಹುಡುಗ ದಾರಿಗೆ ಬರ್ತಾನೆ. ಒಂದು ಭಾನುವಾರ ತುಮಕೂರಿಗೆ ಕರ್ಕೊಂಡು ಹೋಗಿ. ಅಪ್ಪ ಟೇಪನ್ನು ಕುತ್ತಿಗೆಯಿಂದ ತೆಗೆದು ಅವನ ಎದೆ, ಭುಜ, ತೋಳು ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದು ಶರ್ಟ್ ಹೊಲಿದುಕೊಡಲಿ. ಆ ಶರ್ಟನ್ನು ಅವನು ಆಫೀಸಿಗೆ ಹಾಕಿಕೊಂಡು ಹೋಗಿ, ಯಾರು ಹೊಲಿದಿದ್ದು ಅಂತ ಕೇಳಿದವರಿಗೆ ಸರಿಯಾದ ಉತ್ತರ ಕೊಟ್ಟರೆ ನನಗೂ ಒಂದು ಸಾಲು ಬರೆಯಿರಿ. ‘ಎಲ್ಲರ ಮುಂದೆ ಮರ್ಯಾದೆ ಕಳೆದೆ’ ಅಂತ ಮೂರು ದಿನ ಮಾತು ಬಿಟ್ಟರೆ, ಮದುವೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಮುಂದೆ ಹೆರಿಗೆ ಇದೆ, ವಯಸ್ಸಾಗೋದು ಇದೆ, ಕೆಲಸ ಹೋಗೋದೂ ಇರಬಹುದು. ಪ್ರತಿ ಸಲವೂ ‘ಪ್ರೈವಸಿ’ ಅನ್ನಿಸಿಕೊಂಡು ಬದುಕೋಕಾಗಲ್ಲ.

ಪ್ರಶ್ನೆ: ಮೇಡಂ, ನಮ್ಮ ಮಗಳಿಗೆ ಅಮೆರಿಕದ ಸಂಬಂಧ ಬಂದಿದೆ. ಹುಡುಗ ಎಚ್‌-1ಬಿ ವೀಸಾದಲ್ಲಿದ್ದಾನೆ, ಒಳ್ಳೆಯ ಕಂಪನಿ. ನನ್ನ ಓರಗಿತ್ತಿಯ ಮಗಳು ಆಸ್ಟ್ರೇಲಿಯಾದಲ್ಲಿದ್ದಾಳೆ, ಅವರ ಮಾತು ಕೇಳಿ ಕೇಳಿ ಸಾಕಾಗಿದೆ. ಆದರೆ ಮಗಳು ಸರ್ಕಾರಿ ಡಿಗ್ರಿ ಕಾಲೇಜಿನ ಒಬ್ಬ ಅತಿಥಿ ಉಪನ್ಯಾಸಕನನ್ನು ಇಷ್ಟಪಟ್ಟಿದ್ದಾಳಂತೆ. ಅಮೆರಿಕದವರು ವರದಕ್ಷಿಣೆ ಏನೂ ಕೇಳಿಲ್ಲ. ಹುಡುಗನ ಸ್ಟೇಟಸ್‌ಗೆ ತಕ್ಕ ಹಾಗೆ ಮದುವೆ, ಇಲ್ಲಿ ಅವರ ಅಪ್ಪ ಅಮ್ಮನ ಓಡಾಟಕ್ಕೆ ಒಂದು ಕಾರು ಅಂದಿದ್ದಾರೆ ಅಷ್ಟೆ. ಮಗಳಿಗೆ ಬುದ್ಧಿ ಹೇಳುವುದು ಹೇಗೆ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ‘ಅಷ್ಟೆ’ ಅಂತ ಬರೆದಿದ್ದೀರಲ್ಲ ಅಮ್ಮಾ, ಕಾರು ಅಷ್ಟೆ ಆದರೆ ಇನ್ನು ಬೇರೆ ಏನು ಉಳಿಯಿತು? ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ. ಮದುವೆಗೆ ಸಂಬಂಧಪಟ್ಟಂತೆ ಕೇಳಿ ಪಡೆಯುವ ಬೆಲೆಬಾಳುವ ವಸ್ತು ಏನೇ ಇದ್ದರೂ ಅದು ವರದಕ್ಷಿಣೆಯೇ. ಅಪ್ಪ ಅಮ್ಮನ ಓಡಾಟ ಅಂತ ಹೆಸರಿಟ್ಟ ತಕ್ಷಣ ಅದು ಬದಲಾಗಲ್ಲ. ತಗೊಂಡವರಿಗೆ ಮಾತ್ರ ಅಲ್ಲ, ಕೊಟ್ಟವರಿಗೂ ಆ ಕಾಯ್ದೆಯಲ್ಲಿ ಶಿಕ್ಷೆ ಇದೆ. ಮೊದಲು ಅದನ್ನು ಇಲ್ಲ ಅಂತ ಹೇಳಿ ನೋಡಿ. ಸಂಬಂಧ ಉಳಿದರೆ ಮುಂದಿನ ಮಾತು.

ಈಗ ಅಮೆರಿಕದ ವಿಷಯ. ನಿಮ್ಮ ಓರಗಿತ್ತಿಗೆ ಕೇಳಿಸುವುದು ‘ಅಮೆರಿಕ’ ಅನ್ನೋದಷ್ಟೇ, ಮಗಳು ಬದುಕಬೇಕಾದ್ದು ವೀಸಾ ಕಾಗದದ ಮೇಲೆ. ಎಚ್‌-1ಬಿ ಅಂದರೆ ಕಂಪನಿಯಲ್ಲಿ ಕೆಲಸ ಇರುವ ತನಕ ಅಲ್ಲಿರಲು ಕೊಡುವ ಅನುಮತಿ. ವರ್ಷಕ್ಕೆ ಹೊಸದಾಗಿ ಸಿಗುವುದು 85 ಸಾವಿರ, ಅದಕ್ಕೂ ಲಾಟರಿ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಂದು ಕಂಪನಿ ಹಿಡಿಯಬೇಕು, ಇಲ್ಲವೇ ಬೇರೆ ವೀಸಾಗೆ ಬದಲಾಗಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅಲ್ಲೇ ಖಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸಾಲಂತೂ ಭಾರತದವರಿಗೆ ದಶಕಗಳಷ್ಟು ಉದ್ದ ಇದೆ, ಯಾಕೆಂದರೆ ವರ್ಷದಲ್ಲಿ ಕೊಡುವ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ 7ರಷ್ಟು ಅನ್ನೋ ಮಿತಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವವರ ಅರ್ಜಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಟ್ರಂಪ್ ಆದೇಶ ಹೊರಡಿಸಿದಾಗ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಅನ್ನೋದು ನೆನಪಿರಬಹುದು. ಆಗಲೇ ಅಲ್ಲಿರುವ ಹುಡುಗನಿಗೆ ಅದು ನೇರವಾಗಿ ತಟ್ಟಿರಲಿಕ್ಕಿಲ್ಲ, ಆದರೆ ನೆಲ ಎಷ್ಟು ಗಟ್ಟಿ ಅನ್ನೋದು ಗೊತ್ತಾಗುತ್ತೆ.

ಮಗಳು ಹೋಗುವುದು ಎಚ್‌-4ರಲ್ಲಿ, ಅಂದರೆ ಎಚ್‌-1ಬಿಯವರ ಹೆಂಡತಿಗೆ ಸಿಗುವ ವೀಸಾದಲ್ಲಿ. ಆ ವೀಸಾದಲ್ಲಿ ಹೋದ ತಕ್ಷಣ ಕೆಲಸ ಮಾಡುವ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಆಕೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, ಆ ಅವಕಾಶ ಸಿಕ್ಕಿದ್ದೂ 2015ರಲ್ಲಿ. ಇಲ್ಲಿ ಎಂ.ಎಸ್ಸಿ, ಎಂ.ಟೆಕ್ ಮಾಡಿ ಅಲ್ಲಿ ಹೋಗಿ, ಅಂಗಡಿಗೆ ಹೋಗಬೇಕಾದರೂ ಗಂಡ ಕಾರು ತೆಗೆಯುವ ತನಕ ಕಾಯುವ ಹೆಣ್ಣುಮಕ್ಕಳ ಪತ್ರ ನನಗೆ ಬರುತ್ತವೆ. ಅವರ ಅಮ್ಮಂದಿರಿಂದ ಅಂಥ ಪತ್ರ ಬರಲ್ಲ. ಅವರು ಮದುವೆ ಮನೆಗಳಲ್ಲಿ ‘ನಮ್ಮಳಿಯ ಡಲ್ಲಾಸ್‌ನಲ್ಲಿ’ ಅಂತ ಹೇಳ್ತಾ ಇರುತ್ತಾರೆ, ಮಗಳು ಅಲ್ಲಿ ಕಿಟಕಿ ಪಕ್ಕ ಕೂತು ಇಂಡಿಯಾದಲ್ಲಿ ಬೆಳಗಾಗಲಿ ಅಂತ ಕಾಯ್ತಿರುತ್ತಾಳೆ. ಎಲ್ಲರ ಕತೆಯೂ ಹೀಗಲ್ಲ, ಸುಖವಾಗಿ ಇರುವವರು ಬೇಕಾದಷ್ಟು ಜನ ಇದ್ದಾರೆ. ಅವರು ಹೋಗುವ ಮೊದಲೇ ಇದನ್ನೆಲ್ಲ ಕೇಳಿ ತಿಳಿದುಕೊಂಡವರು.

ಆ ಉಪನ್ಯಾಸಕನೇ ಸರಿ ಅಂತ ನಾನು ಹೇಳ್ತಿಲ್ಲ. ಅತಿಥಿ ಉಪನ್ಯಾಸಕರ ಪಾಡು ನಿಮಗೂ ಗೊತ್ತು, ಖಾಯಂ ಮಾಡಿ ಅಂತ 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದಿದ್ದರು. ವರ್ಷ ಪೂರ್ತಿ ಸಂಬಳ ಇಲ್ಲ, ಬರುವ ವರ್ಷ ಯಾವ ಕಾಲೇಜೋ ಗೊತ್ತಿಲ್ಲ. ಅದನ್ನು ಮಗಳ ಹತ್ತಿರ ಮುಖಕ್ಕೆ ಮುಖ ಕೊಟ್ಟು ಮಾತಾಡಿ. ಇಬ್ಬರ ಸಂಬಳ ಸೇರಿ ಬಾಡಿಗೆ, ದಿನಸಿ, ಮಕ್ಕಳ ಫೀಸು ಹೇಗೆ ನಡೆಯುತ್ತೆ ಅಂತ ಅವಳೇ ಲೆಕ್ಕ ಹಾಕಿ ತೋರಿಸಲಿ. ಅದು ತಾಯಿ ಕೇಳಬೇಕಾದ ಪ್ರಶ್ನೆಯೇ. ಓರಗಿತ್ತಿಗೆ ಏನು ಹೇಳೋದು ಅನ್ನೋದಕ್ಕೆ ಮಗಳು ಉತ್ತರ ಕೊಡಬೇಕಾಗಿಲ್ಲ. ಆ ಓರಗಿತ್ತಿ ವರ್ಷಕ್ಕೆ ಎಷ್ಟು ಸಲ ನಿಮ್ಮನೆಗೆ ಬರ್ತಾರೆ? ಗೌರಿ ಹಬ್ಬಕ್ಕೆ ಬಂದು ಬಾಗಿನ ತಗೊಂಡು ಹೋಗುವಷ್ಟು ಹೊತ್ತಿಗೋಸ್ಕರ ಅಳಿಯನನ್ನು ಆರಿಸೋಕಾಗುತ್ತಾ?

ಪ್ರಶ್ನೆ: ನಾನು ಕಪ್ಪಗಿದ್ದೇನೆ. ಅಮ್ಮ, ಅಕ್ಕ ಇಬ್ಬರೂ ಹುಡುಗಿ ಬೆಳ್ಳಗೇ ಇರಬೇಕು, ಆರತಕ್ಷತೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂತಾರೆ. ನನಗೆ ಇಷ್ಟವಾದ ಹುಡುಗಿ ನನ್ನದೇ ಬಣ್ಣ. ಹೇಗೆ ಒಪ್ಪಿಸಲಿ?
– ದಾವಣಗೆರೆ

ಉತ್ತರ: ಒಪ್ಪಿಸೋಕೆ ಹೋಗಬೇಡಿ, ತಿಳಿಸಿ. 2020ರಲ್ಲಿ ಶಾದಿ ಡಾಟ್ ಕಾಮ್‌ನವರೇ ಮೈಬಣ್ಣ ನೋಡಿ ಹುಡುಕುವ ಫಿಲ್ಟರ್ ತೆಗೆದರು, ಅದೇ ವರ್ಷ ಫೇರ್ ಅಂಡ್ ಲವ್ಲಿಯವರು ಹೆಸರಿನಿಂದ ‘ಫೇರ್’ ಕಿತ್ತು ‘ಗ್ಲೋ’ ಇಟ್ಟರು. ವ್ಯಾಪಾರ ಮಾಡೋರಿಗೇ ನಾಚಿಕೆ ಆಗಿದೆ, ಅಮ್ಮನಿಗೂ ಆಗಬಹುದು. ಆರತಕ್ಷತೆ ಒಂದು ಸಂಜೆ. ಫೋಟೋಗ್ರಾಫರ್ ಹೇಗಿದ್ದರೂ ಇಬ್ಬರನ್ನೂ ಬಿಳಿ ಮಾಡಿಯೇ ಆಲ್ಬಂ ಕೊಡ್ತಾನೆ, ಬೇಡ ಅಂತ ಮೊದಲೇ ಹೇಳಿ.

ಪ್ರಶ್ನೆ: ಮದ್ದೂರು ತಾಲ್ಲೂಕಿನವನು. 33 ವರ್ಷ. ಮೂರು ಎಕರೆ ನಾಲೆ ನೀರಿನ ಜಮೀನು, ಕಬ್ಬು, ಎರಡು ಹಸು. ಸಾಲ ಜಾಸ್ತಿ ಇಲ್ಲ. ಎಷ್ಟು ಕಡೆ ಹೆಣ್ಣು ನೋಡೋಕೆ ಹೋದರೂ ‘ಬೆಂಗಳೂರಲ್ಲಿ ಕೆಲಸ ಇಲ್ವಾ’ ಅಂತಾರೆ. ಬ್ರೋಕರ್ ಈಗ ಹೇಳ್ತಿರೋದು, ಬೆಂಗಳೂರಲ್ಲಿ ಒಂದು ರೂಮು ಮಾಡು, ಫುಡ್ ಡೆಲಿವರಿ ಆದರೂ ಪರವಾಗಿಲ್ಲ, ಕಂಪನಿ ಕೆಲಸ ಅಂತ ಹೇಳೋಣ, ಮದುವೆ ಆದಮೇಲೆ ವಾಪಸ್ ಬಾ ಅಂತ. ನನ್ನ ತಂಗಿಯನ್ನು ಕೆಇಬಿ ನೌಕರನಿಗೆ ಕೊಟ್ಟು ಮದುವೆ ಮಾಡಿದ್ದೇವೆ, ಆ ಜವಾಬ್ದಾರಿ ಮುಗಿದಿದೆ. ಏನು ಮಾಡಲಿ?
– ಒಬ್ಬ ರೈತ

ಉತ್ತರ: ಬ್ರೋಕರ್ ಮಾತು ಕೇಳಬೇಡಿ. ಮದುವೆಯಾಗಿ ತಿಂಗಳಿಗೆ ಆ ಹುಡುಗಿಗೆ ಸತ್ಯ ಗೊತ್ತಾಗುತ್ತೆ, ಆಮೇಲೆ ನಿಮ್ಮ ಯಾವ ಮಾತನ್ನೂ ಅವಳು ನಂಬಲ್ಲ.

ನಿಮ್ಮ ಕಷ್ಟ ನಿಜವಾದದ್ದು. ನಿಮ್ಮ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದಲೇ ಅಲ್ವಾ, 2023ರ ಫೆಬ್ರುವರಿಯಲ್ಲಿ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದು. ಟಿವಿಯವರಿಗೆ ಅದು ತಮಾಷೆಯ ಸುದ್ದಿ ಆಯಿತು. ಆಮೇಲೆ ಚುನಾವಣೆ ಹೊತ್ತಿಗೆ, ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ಕೊಡ್ತೀವಿ ಅಂತ ಕುಮಾರಸ್ವಾಮಿ ಭರವಸೆ ಕೊಟ್ಟರು. ದುಡ್ಡಿನಿಂದ ಬಗೆಹರಿಯುವುದಾಗಿದ್ದರೆ ನಿಮ್ಮ ಮೂರು ಎಕರೆ ನೀರಾವರಿ ಜಮೀನಿನ ಮುಂದೆ 2 ಲಕ್ಷ ಯಾವ ಲೆಕ್ಕ? ಬೆಂಗಳೂರಿನಲ್ಲಿ 18 ಸಾವಿರಕ್ಕೆ ದುಡಿದು 9 ಸಾವಿರ ಬಾಡಿಗೆ ಕಟ್ಟುವವನಿಗೆ ಹೆಣ್ಣು ಸಿಗುತ್ತೆ, ನಿಮಗೆ ಸಿಗಲ್ಲ. ಅವನ ಕೊರಳಲ್ಲಿ ಒಂದು ಐಡಿ ಕಾರ್ಡ್ ಇದೆ, ಅದನ್ನು ನೆಂಟರಿಗೆ ತೋರಿಸಬಹುದು.

ಆದರೆ ಕೋಪ ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ತಂಗಿಗೆ ಗಂಡು ಹುಡುಕುವಾಗ ನಿಮ್ಮ ಮನೆಗೂ ಒಬ್ಬ ರೈತನ ಸಂಬಂಧ ಬಂದಿರಬೇಕಲ್ಲ? ಅವನಿಗೆ ಏನು ಹೇಳಿ ಕಳಿಸಿದಿರಿ? ಕೆಇಬಿಯವನನ್ನು ಒಪ್ಪಿಕೊಂಡಾಗ ಮನೆಯಲ್ಲಿ ಯಾರಿಗೂ ತಪ್ಪು ಅನ್ನಿಸಿರಲ್ಲ. ನಿಮ್ಮನ್ನು ಬೇಡ ಅಂದ ಮನೆಗಳೂ ಅದನ್ನೇ ಮಾಡಿದ್ದು.

ಇನ್ನೂ ಒಂದು ಕಾರಣ ಇದೆ, ಅದು ಕಹಿ. ನಿಮ್ಮದೇ ಜಿಲ್ಲೆಯಲ್ಲಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ನೋಡುತ್ತಿದ್ದ ಜಾಲ 2023ರಲ್ಲಿ ಬಯಲಾಯಿತು. ಲಿಂಗ ಪತ್ತೆ ಮಾಡಬಾರದು ಅಂತ 1994ರ ಕಾನೂನಿದ್ದರೂ ಬೆಲ್ಲ ಬೇಯುವ ಜಾಗದಲ್ಲಿ ಆ ಕೆಲಸ ನಡೆದಿತ್ತು. ಹುಟ್ಟೋಕೇ ಬಿಡದ ಹೆಣ್ಣುಮಕ್ಕಳನ್ನು ಈಗ ಎಲ್ಲಿಂದ ತರೋದು.

ಇಷ್ಟಾದ ಮೇಲೂ ನೀವು ಮಾಡಬಹುದಾದ್ದು ಇದೆ. ಹುಡುಗಿಯರು ಹೊಲ ಅಂದರೆ ಮೂಗು ಮುರೀತಾರೆ ಅನ್ನೋದು ಅರ್ಧ ಸತ್ಯ. ಅವರು ಅಮ್ಮನನ್ನು ನೋಡಿ ಬೆಳೆದಿದ್ದಾರೆ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಆಳುಗಳಿಗೆ ಅಡುಗೆ ಮಾಡಿ, ಕೊನೆಗೆ ಬಳೆ ತಗೊಳ್ಳೋಕೂ ಗಂಡನ ಮುಂದೆ ಕೈ ಚಾಚಿದ ಅಮ್ಮ. ಪಟ್ಟಣದ ಗಂಡನ ಆಸೆಯಲ್ಲಿ ಪ್ರತಿಷ್ಠೆಯ ಜೊತೆ ಈ ಭಯವೂ ಸೇರಿದೆ. ಹೆಣ್ಣು ನೋಡೋಕೆ ಹೋದಾಗ ಎಕರೆ ಲೆಕ್ಕ ಹೇಳೋದರ ಜೊತೆಗೆ ಇದಕ್ಕೂ ಉತ್ತರ ಇಟ್ಟುಕೊಂಡು ಹೋಗಿ. ಡೇರಿಯ ಬಟವಾಡೆ ಯಾರ ಖಾತೆಗೆ ಬರುತ್ತೆ? ಹೆಂಡತಿಯ ಹೆಸರಿಗೆ ಮಾಡಿಸ್ತೀನಿ ಅಂತ ಹೇಳೋಕೆ ನೀವು, ನಿಮ್ಮಮ್ಮ ತಯಾರಿದ್ದೀರಾ? ಅವಳು ಕೆಲಸಕ್ಕೆ ಹೋಗ್ತೀನಿ ಅಂದರೆ ಮಂಡ್ಯಕ್ಕೆ ಬಸ್ ಇದೆ, ಹೋಗಿ ಬರಲಿ ಅಂತೀರಾ? ಗಂಡ ತೀರಿಕೊಂಡ ಅಥವಾ ವಿಚ್ಛೇದನ ಆದ ಹುಡುಗಿಯ ಸಂಬಂಧ ಬಂದಾಗ ಎಷ್ಟು ಸಲ ಬೇಡ ಅಂದಿದ್ದೀರಿ? ಆ ಸಂಬಂಧಗಳನ್ನು ಬೇಡ ಅನ್ನುವಾಗಲೂ ಅಡ್ಡ ಬಂದದ್ದು ಊರಿನವರ ಬಾಯಿಯೇ ಇರಬೇಕು.

ಪ್ರಶ್ನೆ: ನನಗೆ 19. ನಮ್ಮ ರೂಮಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಬಾಯ್‌ಫ್ರೆಂಡ್ ಇದ್ದಾರೆ. ಒಬ್ಬ ಸೀನಿಯರ್ ಬುಲೆಟ್‌ನಲ್ಲಿ ಬರ್ತಾನೆ, ಪ್ರಪೋಸ್ ಮಾಡಿದ್ದಾನೆ. ಅವನ ಮೇಲೆ ನನಗೆ ಅಂಥದ್ದೇನೂ ಇಲ್ಲ. ಆದರೂ ಹೂಂ ಅನ್ನೋಣ ಅನ್ನಿಸ್ತಿದೆ.
– ಹುಬ್ಬಳ್ಳಿ

ಉತ್ತರ: ಬೇಡ ಪುಟ್ಟಾ. ಬುಲೆಟ್ ಮೇಲೆ ಆಸೆ ಇದ್ದರೆ ಲೈಸೆನ್ಸ್ ಮಾಡಿಸು, ಮುಂದೆ ನಿನ್ನ ಸಂಬಳದಲ್ಲೇ ತಗೊಳ್ಳಬಹುದು. ಆ ಹುಡುಗನಿಗೂ ಒಂದು ಮನಸ್ಸಿದೆ, ರೂಮ್‌ಮೇಟ್‌ಗಳ ಬಾಯಿ ಮುಚ್ಚಿಸೋಕೆ ಅವನನ್ನು ಬಳಸಬೇಡ.

ಪ್ರಶ್ನೆ: ನನ್ನ ಹೆಂಡತಿ ಮಹಿಳಾ ಮೀಸಲಿನಲ್ಲಿ ಗೆದ್ದು ಗ್ರಾಮ ಪಂಚಾಯಿತಿ ಅಧ್ಯಕ್ಷೆ ಆದಳು. ಓಡಾಡಿ ಗೆಲ್ಲಿಸಿದ್ದು ನಾನು. ಜನ ನನ್ನನ್ನೇ ‘ಅಧ್ಯಕ್ಷರೇ’ ಅಂತಾರೆ. ಊರ ಹಬ್ಬದ ಫ್ಲೆಕ್ಸ್‌ನಲ್ಲಿ ನನ್ನ ಫೋಟೋ ದೊಡ್ಡದಾಗಿ, ಅವಳದ್ದು ಪಕ್ಕದಲ್ಲಿ ಹಾಕಿಸಿದ್ದೆ. ಅದಕ್ಕೆ ರಾದ್ಧಾಂತ ಮಾಡಿ, ಇನ್ನು ಮೇಲೆ ಕಚೇರಿಗೆ ಬರಬೇಡಿ ಅಂದಿದ್ದಾಳೆ. ಗಂಡನಿಗೆ ಇಷ್ಟೂ ಮರ್ಯಾದೆ ಬೇಡವಾ?
– ಹಾಸನ ಜಿಲ್ಲೆ

ಉತ್ತರ: ಸ್ವಾಮಿ, ಫ್ಲೆಕ್ಸ್‌ಗೆ ದುಡ್ಡು ಕೊಟ್ಟವರು ಯಾರು ಅಂತ ನೀವು ಬರೆದಿಲ್ಲ, ನಾನೂ ಕೇಳಲ್ಲ.

ಬೇರೆ ಗಂಡಂದಿರು ಹೆಂಡತಿಯ ಅಂದ ತೋರಿಸಿ ಮೀಸೆ ತಿರುವಿದರೆ ನೀವು ಹೆಂಡತಿಯ ಕುರ್ಚಿ ತೋರಿಸಿ ತಿರುವುತ್ತಿದ್ದೀರಿ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಅಂತ ಇಟ್ಟಿರೋದು ಅವರು ಕೂರಲಿ ಅಂತ. ಹೆಂಡತಿ ಸಹಿ ಹಾಕೋದು, ಗಂಡ ಆಡಳಿತ ಮಾಡೋದು ಅನ್ನೋ ಈ ಪದ್ಧತಿ ದೇಶದ ಉದ್ದಗಲಕ್ಕೂ ಎಷ್ಟು ಹಬ್ಬಿದೆ ಅಂದರೆ, ಇದನ್ನು ತಡೆಯೋದು ಹೇಗೆ ಅಂತ ನೋಡಲು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿಯನ್ನೇ ಮಾಡಬೇಕಾಯಿತು. ನಿಮ್ಮ ಮನೆಯಲ್ಲಿ ಸಮಿತಿ ಬೇಕಾಗಲಿಲ್ಲ, ಅವರೇ ಹೇಳಿಬಿಟ್ಟರು.

ಓಡಾಡಿದ್ದು ನೀವು, ಒಪ್ಪಿದೆ. ಆದರೆ ಬಿಲ್ಲಿಗೆ ಸಹಿ ಹಾಕೋದು ಅವರು. ನಾಳೆ ಒಂದು ಕಾಮಗಾರಿಯಲ್ಲಿ ಎಡವಟ್ಟಾಗಿ ತನಿಖೆ ಬಂದರೆ ನೋಟಿಸ್ ಅವರ ಹೆಸರಿಗೇ ಬರುತ್ತೆ, ಫ್ಲೆಕ್ಸ್‌ನಲ್ಲಿರುವ ದೊಡ್ಡ ಫೋಟೋದವರಿಗೆ ಬರಲ್ಲ. ಯಾರಾದರೂ ‘ಅಧ್ಯಕ್ಷರೇ’ ಅಂದರೆ ‘ಅವರು ಕಚೇರಿಯಲ್ಲಿದ್ದಾರೆ, ಅಲ್ಲಿಗೇ ಹೋಗಿ’ ಅನ್ನಿ. ಮೊದಲ ವಾರ ಬಾಯಿ ಕಹಿ ಆಗುತ್ತೆ. ಅವರು ಸಭೆ ಮುಗಿಸಿ ತಡವಾಗಿ ಬಂದ ದಿನ ಅನ್ನಕ್ಕೆ ಕುಕ್ಕರ್ ನೀವೇ ಇಡಿ. ಇನ್ನು ಕಚೇರಿಗೆ ಬರಬೇಡಿ ಅಂದಿದ್ದಾರೆ, ಗ್ರಾಮಸಭೆಗೆ ಬರಬೇಡಿ ಅಂದಿಲ್ಲವಲ್ಲ. ಮುಂದಿನ ಸಭೆಗೆ ಹೋಗಿ, ಜನರ ನಡುವೆ ಕೆಳಗೆ ಕೂತು, ನಿಮ್ಮ ಬೀದಿಯ ಚರಂಡಿ ಬಗ್ಗೆ ಒಂದು ಪ್ರಶ್ನೆ ಕೇಳಿ. ಕೈ ಎತ್ತಿ ಕೇಳಿ.